ಹಸಿರು ಗೆರೆಯ ಬೋಲ್ಟು

ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿಯನ್ನು ಲಾರಿಯ ಎಂಜಿನ್ನಿನ ಮೇಲೆ ತಲೆಕೆಳಗಾಗಿ ಹಿಡಿದು ಆಕೆ ಮೆಲ್ಲಗೆ ತಟ್ಟಿದಳು. ಬಿಳಿಯ ಹುಡಿ ಎಂಜಿನ್ನಿನ ನೆತ್ತಿಯನ್ನು ಮುಚ್ಚುವ ಟ್ಯಾಪೆಟ್ ಕವರಿನ ಅಂಚಿನ ಮೇಲೆ ಇಳಿಯಿತು, ಡೀಸೆಲ್ ಪಂಪಿನ ಮೇಲೆ ಇಳಿಯಿತು, ಕೆಳಗೆ ಎಣ್ಣೆ ತುಂಬುವ ಚೇಂಬರಿನ ಸುತ್ತ ಇಬ್ಬನಿಯ ಹಾಗೆ ಕೂತಿತು. ಒಂದು ಬೆರಳಗಲದ ಜಾಗವನ್ನೂ ಆಕೆ ಬಿಡಲಿಲ್ಲ.

ಎಂಜಿನ್ನನ್ನು ಬೆಳಿಗ್ಗೆಯೇ ಡೀಸೆಲ್ಲಿನಿಂದ ಉಜ್ಜಿ, ಬಿಸಿನೀರಿನಿಂದ ತೊಳೆದು, ಗಾಳಿ ಹೊಡೆದು ಒಣಗಿಸಲಾಗಿತ್ತು. ನಲವತ್ತು ವರ್ಷಗಳ ಜಿಡ್ಡು ಹೋಗಿ ಕಬ್ಬಿಣದ ನಿಜವಾದ ಬಣ್ಣ ಕಾಣುತ್ತಿತ್ತು. ಈಗ ಅದೂ ಮುಚ್ಚಿಹೋಯಿತು.

"ಅಜ್ಜಿಗೆ ಶೃಂಗಾರ ಮುಗೀತು," ಎಂದ ಮೇಸ್ತ್ರಿ. "ಇನ್ನು ಗಂಡು ಹುಡುಕೋದೊಂದು ಬಾಕಿ."

"ಗಂಡು ನೀನೇ ಆಗ್ತೀಯ, ಸುಮ್ನೆ ಸ್ಟಾರ್ಟ್ ಮಾಡು," ಎಂದಳು ಆಕೆ.

ಅಜ್ಜಿ ಎಂಬುದು ಲಾರಿಯ ಹೆಸರು. ಉದ್ದ ಮೂತಿಯ, ಹಳೆಯ ಕಾಲದ ಗಾಡಿ. ಎಂಜಿನ್ನಿಗೆ ಪೌಡರ್ ಹಾಕುತ್ತಿದ್ದಾಕೆಗೆ ಎಣ್ಣೆ ಸೋರದಂತೆ ತಡೆಯುವ ಸೀಲು, ಪ್ಯಾಕಿಂಗುಗಳನ್ನು ಮಾರುವ ಚಿಕ್ಕ ಅಂಗಡಿಯಿತ್ತು. ಎಣ್ಣೆ ಎಲ್ಲಿಂದ ಸೋರುತ್ತದೆ ಎಂಬುದನ್ನು ಹೀಗೆ ಪೌಡರ್ ಹಾಕಿಯೇ ಪತ್ತೆ ಹಚ್ಚುತ್ತಿದ್ದುದರಿಂದ ಊರಿನ ಗ್ಯಾರೇಜುಗಳಲ್ಲಿ ಆಕೆಗೆ ಪೌಡರಕ್ಕ ಎಂದೇ ಹೆಸರು. ಸಾರಿಗೆ ಅಧಿಕಾರಿಗಳು ತಮಗೆ ತಿಳಿಯದ ಎಂಜಿನ್ನಿನ ತಕರಾರು ಬಂದಾಗ ಆಕೆಯನ್ನು ಕರೆಸುತ್ತಿದ್ದರು. ಈ ಸಲ ಕರೆಸಿದ್ದು ಸಣ್ಣ ಕಾರಣಕ್ಕಲ್ಲ.

ಆರು ದಿನಗಳ ಹಿಂದೆ ಏರುದಾರಿಯ ತಿರುವಿನಲ್ಲಿ ಅಜ್ಜಿ ಸುರಿಸಿದ ಎಣ್ಣೆಯ ಮೇಲೆ ಸ್ಕೂಟರೊಂದು ಜಾರಿತ್ತು. ಅದನ್ನು ಓಡಿಸುತ್ತಿದ್ದ ಹೊಲಿಗೆಯ ಹೆಂಗಸು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಳು.

ತೀರ್ಮಾನವಾಗಬೇಕಿದ್ದುದು ಇಂದು, ಸಂಜೆ ನಾಲ್ಕಕ್ಕೆ. ಸೋರುವುದು ಗೊತ್ತಿದ್ದೂ ಚಾಲಕ ಲಾರಿ ಹೊರಡಿಸಿದ್ದರೆ ಅವನ ಲೈಸೆನ್ಸು ಶಾಶ್ವತವಾಗಿ ಹೋಗುತ್ತದೆ. ಮೂರು ವಾರದ ಹಿಂದೆ ಮೇಸ್ತ್ರಿ ಹಾಕಿಕೊಟ್ಟ ಎಂಜಿನ್ನಿನ ಹಿಂಬದಿಯ ಸೀಲು ಕೆಟ್ಟಿದ್ದರೆ ಈ ಶೆಡ್ಡಿನ ಬಾಗಿಲು ಮುಚ್ಚುತ್ತದೆ. ಮೇಸ್ತ್ರಿಯ ತಂಗಿಯೇ ಚಾಲಕನ ಹೆಂಡತಿ. ಹೀಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದು ಕರೆದು ಇಪ್ಪತ್ತು ವರ್ಷ ಕಳೆದವರು. ಆರು ದಿನಗಳಿಂದ ಮಾತ್ರ ಏನೆಂದೂ ಕರೆದಿರಲಿಲ್ಲ.

ಆ ತಂಗಿ ಶೆಡ್ಡಿನ ಮೂಲೆಯಲ್ಲಿ, ಮಗ್ಗುಲಾಗಿ ಬಿದ್ದ ಟಯರಿನ ಮೇಲೆ ಕೂತಿದ್ದಳು. ಗಂಡ ಹೊರಗೆ ಗೇಟಿನ ಬಳಿ ಅಧಿಕಾರಿಯ ದಾರಿ ಕಾಯುತ್ತಿದ್ದ. ಇವಳು ಒಳಗೇ ಉಳಿದಿದ್ದಳು. ಯಾರ ಕಡೆಯವಳಾಗಿ ಎಂದು ಯಾರೂ ಕೇಳಲಿಲ್ಲ.

ಎಂಜಿನ್ ಹಿಡಿಯಿತು.

ಪೌಡರಕ್ಕ ಎಡಗೈಯಲ್ಲಿ ಟಾರ್ಚು, ಬಲಗೈಯಲ್ಲಿ ಕೋಲಿಗೆ ಕಟ್ಟಿದ ಚಿಕ್ಕ ಕನ್ನಡಿ ಹಿಡಿದು ಲಾರಿಯ ಕೆಳಗೆ ಜಾರಿದಳು. ಎಲ್ಲರೂ ಬೊಟ್ಟು ಮಾಡುತ್ತಿದ್ದುದು ಒಂದೇ ಜಾಗ: ಎಂಜಿನ್ನೂ ಗೇರ್ ಬಾಕ್ಸೂ ಕೂಡುವ ಕಡೆ, ಕ್ಲಚ್ ಹೌಸಿಂಗಿನ ತಳ. ಅಪಘಾತದ ದಿನ ಎಣ್ಣೆ ತೊಟ್ಟಿಕ್ಕುತ್ತಿದ್ದುದು ಅಲ್ಲಿಂದಲೇ. ಅಲ್ಲಿ ತೊಟ್ಟಿಕ್ಕಿದರೆ ಕ್ರ್ಯಾಂಕಿನ ಹಿಂದಿನ ಸೀಲು ಹೋಗಿದೆ ಎಂದು ಯಾವ ಮೆಕ್ಯಾನಿಕ್ಕನೂ ಕಣ್ಣುಮುಚ್ಚಿ ಹೇಳುತ್ತಾನೆ.

ಪೌಡರಕ್ಕ ಹಾಗೆ ಹೇಳುವವಳಲ್ಲ. ಎಣ್ಣೆ ಕೆಳಕ್ಕೆ ಹರಿಯುತ್ತದೆ, ಓಡುವ ಗಾಡಿಯ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಎಂಜಿನ್ನಿನಲ್ಲಿ ಎಲ್ಲೇ ಸೋರಲಿ, ಕೊನೆಗೆ ಅದು ಬಂದು ನೇತಾಡುವುದು ಹಿಂದಿನ ತಳದಲ್ಲಿಯೇ. ತೇವದ ಜಾಗವನ್ನು ನೋಡಿದರೆ ಸಾಲದು, ಮೊದಲ ಗೆರೆ ಎಲ್ಲಿ ಮೂಡುತ್ತದೆ ಎಂದು ಕಾಯಬೇಕು.

ಕಾದಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಪೌಡರ್ ಬೆಳ್ಳಗೇ ಇತ್ತು.

ಮೇಸ್ತ್ರಿ ಕೈಕಟ್ಟಿ ನಿಂತಿದ್ದ. ತನ್ನ ಸೀಲಿನಿಂದ ಒಂದು ಹನಿಯೂ ಬರುವುದಿಲ್ಲವೆಂದು ಮೊದಲ ದಿನದಿಂದ ಹೇಳುತ್ತಿದ್ದೇನೆ, ಈಗಲಾದರೂ ನಂಬುವಿರಾ ಎಂದು ಕೇಳಿದ. ಆಕೆ ಕೆಳಗಿನಿಂದಲೇ, ನಂಬುತ್ತೇನೆ ಎಂದಳು. ಆದರೆ ಎಣ್ಣೆ ಅಳೆಯುವ ಕಡ್ಡಿ ಬೆಳಿಗ್ಗೆ ಒಂದೂವರೆ ಲೀಟರಿನಷ್ಟು ಕೊರತೆ ತೋರಿಸಿತ್ತಲ್ಲ, ಆ ಎಣ್ಣೆ ಆವಿಯಾಗಿ ಹೋಗಲಿಲ್ಲವಲ್ಲ ಎಂದೂ ಸೇರಿಸಿದಳು.

ಆಮೇಲೆ ಕೇಳಿದಳು: "ಆವತ್ತು ಗಾಡಿ ಎಷ್ಟು ಹೊತ್ತು ಆ ತಿರುವಲ್ಲಿ ನಿಂತಿತ್ತು?"

ಮುಂದೆ ಕ್ರೇನು ಅಡ್ಡ ನಿಂತಿದ್ದರಿಂದ ಕಾಲು ಗಂಟೆ ನಿಲ್ಲಬೇಕಾಯಿತು, ಎಂಜಿನ್ ಆಫ್ ಮಾಡಿರಲಿಲ್ಲ ಎಂದು ಚಾಲಕ ಹೇಳಿಕೆ ಕೊಟ್ಟಿದ್ದ.

"ಏರಿನಲ್ಲಿ ನಿಂತಿತ್ತು. ಇಲ್ಲಿ ಸಮನೆಲದಲ್ಲಿ ನಿಲ್ಲಿಸಿ ಕೇಳಿದ್ರೆ ಅಜ್ಜಿ ಯಾಕೆ ನಿಜ ಹೇಳ್ತಾಳೆ? ಮುಂದಿನ ಚಕ್ರ ಎತ್ತು."

ಈ ಪ್ರಸಂಗವನ್ನು ಹೇಳುವವರಲ್ಲಿ ಇಲ್ಲಿ ಒಂದು ಪಾಠಭೇದವಿದೆ. ಚಕ್ರಗಳ ಅಡಿಗೆ ಎರಡೆರಡು ಮರದ ದಿಮ್ಮಿ ಕೊಟ್ಟರೆಂದು ಕೆಲವರು, ಮೂರು ಮೂರೆಂದು ಇನ್ನು ಕೆಲವರು. ಅಂದು ಪಕ್ಕದಲ್ಲೇ ಇದ್ದ ವೆಲ್ಡರು ಮೂರು ಎಂದು ಖಚಿತವಾಗಿ ಹೇಳುತ್ತಾನೆ. ದಿಮ್ಮಿ ಹೊತ್ತವನು ಅವನೇ ಆದ್ದರಿಂದ ಆ ಮಾತನ್ನೇ ಇಲ್ಲಿ ಉಳಿಸಿಕೊಂಡಿದೆ.

ಅಜ್ಜಿ ಮೂತಿ ಎತ್ತಿ ನಿಂತಳು. ಎಂಜಿನ್ ಮತ್ತೆ ಓಡಿತು. ಈ ಸಲ ಪೌಡರಕ್ಕ ಎಂಜಿನ್ನಿನ ಪಕ್ಕದಲ್ಲೇ ನಿಂತು ಕನ್ನಡಿ ಚಾಚಿದಳು.

ನಾಲ್ಕನೆಯ ನಿಮಿಷದಲ್ಲಿ ಗೆರೆ ಮೂಡಿತು.

ಅದು ಮೂಡಿದ್ದು ತಳದಲ್ಲಲ್ಲ, ಎಲ್ಲಕ್ಕಿಂತ ಮೇಲೆ. ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಬಿಳಿ ಹುಡಿ ಮೊದಲು ಬೂದಿಯ ಬಣ್ಣಕ್ಕೆ ತಿರುಗಿತು, ನಂತರ ಒದ್ದೆಯಾಯಿತು, ನಂತರ ಅಲ್ಲಿಂದ ಒಂದು ಕಪ್ಪು ಎಳೆ ಎಂಜಿನ್ನಿನ ಬೆನ್ನಿನ ಮೇಲೆ ನಿಧಾನವಾಗಿ ಇಳಿಯತೊಡಗಿತು. ಪೌಡರಕ್ಕ ಕನ್ನಡಿಯನ್ನು ಅದರ ಜೊತೆಜೊತೆಗೇ ಇಳಿಸಿದಳು. ಎಳೆ ಹೌಸಿಂಗನ್ನು ಮುಟ್ಟುವುದಕ್ಕೆ ಒಂದು ಗೇಣು ಬಾಕಿ ಇರುವಾಗ ಎಂಜಿನ್ ನಿಲ್ಲಿಸಲು ಕೈಸನ್ನೆ ಮಾಡಿದಳು.

ಹಿಂದಿನ ಸೀಲಿನ ಸುತ್ತ ಹುಡಿ ಹಾಗೆಯೇ ಇತ್ತು, ಹಾಲಿನ ಕೆನೆಯಷ್ಟು ಬಿಳಿ.

ಮೇಸ್ತ್ರಿಗೆ ಸಮಾಧಾನವಾಗಬೇಕಿತ್ತು. ಅವನು ಏಣಿಯ ಮೇಲೆ ಹತ್ತಿ ಆ ಮೂಲೆಯನ್ನು ಇಣುಕಿದವನು ಕೆಳಗಿಳಿಯುವಾಗ ಒಂದು ಮೆಟ್ಟಿಲು ತಪ್ಪಿದ.

ಪೌಡರಕ್ಕ ಏಣಿ ಹತ್ತಿ, ಬೋಲ್ಟುಗಳ ಮೇಲಿನ ಹುಡಿ ಊದಿ ತಾನೂ ನೋಡಿದಳು.

ಈ ಶೆಡ್ಡಿನಲ್ಲಿ ಮೇಸ್ತ್ರಿಯ ತಂದೆಯ ಕಾಲದಿಂದ ಒಂದು ಕಟ್ಟಳೆಯಿದೆ. ಬೋಲ್ಟನ್ನು ಬಿಗಿ ಮಾಡಿದವನು ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ, ತೊಳೆದರೂ ಹೋಗದ ಬಣ್ಣದ ಒಂದು ಗೆರೆ ಎಳೆಯಬೇಕು. ಬೋಲ್ಟು ಆಮೇಲೆ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿಯುತ್ತದೆ, ಗೊತ್ತಾಗುತ್ತದೆ. ಒಬ್ಬೊಬ್ಬರ ಕೈಗೆ ಒಂದೊಂದು ಬಣ್ಣ. ಮೇಸ್ತ್ರಿಯದು ಹಳದಿ, ವೆಲ್ಡರನದು ಕೆಂಪು, ಡೀಸೆಲ್ ಪಂಪು ನೋಡುವವನದು ನೀಲಿ. ಯಾರ ಬಣ್ಣವನ್ನು ಯಾರೂ ಮುಟ್ಟುವುದಿಲ್ಲ.

ಟ್ಯಾಪೆಟ್ ಕವರಿನಲ್ಲಿ ನಾಲ್ಕು ಬೋಲ್ಟುಗಳಿದ್ದವು. ಮೂರರ ಮೇಲೆ ಹಳದಿ ಗೆರೆ ನೇರವಾಗಿತ್ತು. ನಾಲ್ಕನೆಯದು, ಹಿಂದಿನ ಮೂಲೆಯದು. ಅದರ ಹಳದಿ ಗೆರೆ ಎರಡು ತುಂಡಾಗಿತ್ತು. ತಲೆಯ ಮೇಲಿನ ತುಂಡು ಒಂದು ದಿಕ್ಕಿಗೆ, ಕವರಿನ ಮೇಲಿನ ತುಂಡು ಇನ್ನೊಂದು ದಿಕ್ಕಿಗೆ. ಅದರ ಮೇಲೆ, ಅಚ್ಚುಕಟ್ಟಾಗಿ, ಹೊಸದಾಗಿ ಎಳೆದ ಇನ್ನೊಂದು ಗೆರೆಯಿತ್ತು.

ಅದು ಹಸಿರು.

ಪೌಡರಕ್ಕ ಸ್ಪ್ಯಾನರ್ ಕೇಳಲಿಲ್ಲ. ಎರಡು ಬೆರಳಿನಿಂದ ಹಿಡಿದು ತಿರುಗಿಸಿದಳು. ಬೋಲ್ಟು ತಿರುಗಿತು. ಅಪಘಾತದ ದಿನವೇ ಅಧಿಕಾರಿಯು ಬಾನೆಟ್ಟಿಗೆ ತಂತಿ ಬಿಗಿದು ಸೀಸದ ಮುದ್ರೆ ಒತ್ತಿಸಿದ್ದರು. ಅದನ್ನು ಕತ್ತರಿಸಿದ್ದು ಇಂದು ಬೆಳಿಗ್ಗೆ, ಆಕೆಯ ಕಣ್ಣೆದುರಿಗೆ. ಅಂದ ಮೇಲೆ ಈ ಬೋಲ್ಟು ಸಡಿಲವಾದದ್ದು ಮೇಸ್ತ್ರಿ ಕೆಲಸ ಮುಗಿಸಿದ ನಂತರ, ಅಪಘಾತದ ಮೊದಲು.

ಕೆಳಗಿಳಿದು ಕೈ ಒರೆಸಿಕೊಳ್ಳುತ್ತ ಆಕೆ ಕೇಳಿದಳು: "ಮೇಸ್ತ್ರಿ, ಹಸಿರು ಯಾರದು?"

"ನಂದೇ," ಎಂದ ಅವನು.

"ನಿಂದು ಹಳದಿ."

"ಹಳದಿ ಮುಗಿದಿತ್ತು. ಸಿಕ್ಕಿದ್ದು ಹಾಕ್ದೆ."

ಅವನ ಅಂಗಿಯ ಜೇಬಿನಿಂದ ಹಳದಿ ಬಣ್ಣದ ಸಣ್ಣ ಶೀಷೆ ಇಣುಕುತ್ತಿತ್ತು. ಪೌಡರಕ್ಕ ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ. ಆಮೇಲೆ ಕೊಂಡದ್ದು ಎಂದು, ಕೇಳದಿದ್ದರೂ, ವಿವರಣೆ ಕೊಟ್ಟ.

ಆಕೆ ಬಾಗಿದ ಕಬ್ಬಿಣವನ್ನು ನೆಟ್ಟಗೆ ಮಾಡುವವರ ತಾಳ್ಮೆಯಿಂದ ಒಂದೊಂದಾಗಿ ಕೇಳುತ್ತ ಹೋದಳು. ಹಳದಿ ಹಾಕಿ ಬಿಗಿ ಮಾಡಿದ ಬೋಲ್ಟನ್ನು ಮತ್ತೆ ಯಾಕೆ ಬಿಚ್ಚಿದೆ? ಟ್ಯಾಪೆಟ್ ಶಬ್ದ ಬರುತ್ತಿತ್ತು, ನೋಡಲು. ಟ್ಯಾಪೆಟ್ ನೋಡಬೇಕಾದರೆ ನಾಲ್ಕೂ ಬೋಲ್ಟು ತೆಗೆದು ಕವರ್ ಎತ್ತಬೇಕಲ್ಲ, ಒಂದನ್ನೇ ಯಾಕೆ? ಮೇಸ್ತ್ರಿ ಜೇಬಿನ ಶೀಷೆಯನ್ನು ಇನ್ನಷ್ಟು ಒಳಕ್ಕೆ ತಳ್ಳಿದ.

"ಬೆರಳಲ್ಲಿ ತಿರುಗೋ ಬೋಲ್ಟಿಗೆ ನೀನು ಗೆರೆ ಎಳೆದೆ ಅಂತ ಬರೀಲಾ?"

"ಬರೀರಿ."

"ನಾಳೆಯಿಂದ ಈ ಬಾಗಿಲು ತೆಗೆಯೋ ಹಾಗಿಲ್ಲ. ನಿಮ್ಮಪ್ಪ ಕಟ್ಟಿದ ಶೆಡ್ಡು."

"ಬರೀರಿ ಅಂದ್ನಲ್ಲ, ಅಕ್ಕ."

ದನಿ ಏರಿರಲಿಲ್ಲ. ಅವನು ದಿಮ್ಮಿಯ ಮೇಲಿದ್ದ ವೇಸ್ಟ್ ಬಟ್ಟೆಯನ್ನು ಎತ್ತಿಕೊಂಡು, ಆಗಲೇ ಶುಚಿಯಾಗಿದ್ದ ಸ್ಪ್ಯಾನರನ್ನು ಒರೆಸತೊಡಗಿದ.

"ಅಣ್ಣ, ಸಾಕು," ಎಂದಿತು ಮೂಲೆಯ ದನಿ.

"ನೀನು ಸುಮ್ನಿರು."

"ಹಸಿರು ನಂದು, ಅಕ್ಕ. ನಾನು ಎಂಟು ವರ್ಷದವಳಿದ್ದಾಗ ಅಪ್ಪ ಕೊಟ್ಟಿದ್ದು."

ಮೇಸ್ತ್ರಿ ಸ್ಪ್ಯಾನರನ್ನು ಮೇಜಿನ ಮೇಲಿಟ್ಟು ಹೊರಗಿನ ಗೋಡೆಯ ಕಡೆ ಮುಖ ಮಾಡಿದ.

ಈ ಘಟ್ಟದಲ್ಲಿ ಅವಳು ಅತ್ತಳೆಂದು ಹೇಳುವವರಿದ್ದಾರೆ. ವೆಲ್ಡರನ ಪ್ರಕಾರ ಅಳಲಿಲ್ಲ. ಒಂದು ಕೆಲಸವನ್ನು ಹೇಗೆ ಮಾಡಬೇಕೆಂದು ವಿವರಿಸುವವಳ ಹಾಗೆ ಹೇಳಿದಳು.

ಗಂಡನ ಕಣ್ಣು ಒಂದು ವರ್ಷದಿಂದ ಕೆಡುತ್ತ ಬಂದಿತ್ತು. ಅಕ್ಕಪಕ್ಕದ್ದು ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ. ನಡುವೆ ಹೊಗೆ ಕಟ್ಟಿದ ಹಾಗೆ ಎಂದು ಅವನು ಒಂದೇ ಒಂದು ಸಲ ಬಾಯಿಬಿಟ್ಟಿದ್ದ. ರಸ್ತೆಯ ಅಂಚುಗಳನ್ನು ಹಿಡಿದು ಓಡಿಸುತ್ತೇನೆ, ದಾರಿ ನನಗೆ ಬಾಯಿಪಾಠ ಎನ್ನುತ್ತಿದ್ದ. ವೈದ್ಯರ ಹತ್ತಿರ ಹೋಗೋಣವೆಂದರೆ ಊಟ ಬಿಟ್ಟು ಏಳುತ್ತಿದ್ದ. ಅಣ್ಣನಿಗೆ ಹೇಳುತ್ತೇನೆಂದರೆ, ಹೇಳಿದ ದಿನ ನಾನು ನಿನಗಿಲ್ಲ ಎನ್ನುತ್ತಿದ್ದ.

ಬೇಡಿ ಬೇಡಿ ಸಾಕಾದವಳು ತನಗೆ ಗೊತ್ತಿದ್ದ ದಾರಿ ಹಿಡಿದಳು. ಸ್ಪ್ಯಾನರು ಹಿಡಿದೇ ಬೆಳೆದವಳು. ಅಪಘಾತದ ಹಿಂದಿನ ಸಂಜೆ, ಗಂಡ ಸ್ನಾನಕ್ಕೆ ಹೋಗಿದ್ದಾಗ, ಮನೆಯ ಮುಂದಿನ ಏರಿನಲ್ಲಿ ನಿಂತಿದ್ದ ಅಜ್ಜಿಯ ಬಾನೆಟ್ ಎತ್ತಿ ಆ ಒಂದು ಬೋಲ್ಟನ್ನು ಸಡಿಲಿಸಿದಳು. ಬೆಳಿಗ್ಗೆ ಅವನು ಎಂಜಿನ್ ಬಿಸಿಮಾಡುವಾಗ ಎಣ್ಣೆ ನೆಲಕ್ಕೆ ಸುರಿಯುತ್ತದೆ. ನೋಡುತ್ತಾನೆ. ಗಾಡಿಯನ್ನು ಅಣ್ಣನ ಶೆಡ್ಡಿಗೆ ತರುತ್ತಾನೆ. ಅಣ್ಣನಿಗೆ ಗುಟ್ಟಾಗಿ ಹೇಳಿ ಒಂದು ವಾರ ಅಲ್ಲೇ ನಿಲ್ಲಿಸಿಕೊಂಡರೆ, ಆ ವಾರದಲ್ಲಿ ಕಣ್ಣು ತೋರಿಸಬಹುದು. ಇಷ್ಟೇ ಲೆಕ್ಕ.

"ಗೆರೆ ಯಾಕೆ ಎಳೆದೆ ತಾಯಿ?" ಎಂದು ಪೌಡರಕ್ಕ ಕೇಳಿದಳು. "ಎಳೆಯದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ಅವಳಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಬೋಲ್ಟು ಮುಟ್ಟಿದ ಮೇಲೆ ಗೆರೆ ಎಳೀದೆ ಬಿಡೋಕಾಗುತ್ತಾ?" ಎಂದಳು. ಕಿಟಕಿಯ ಸರಳಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ, ಬೆಂಕಿಕಡ್ಡಿಯ ತುದಿ. ಕೈ ತಾನಾಗಿ ಮಾಡಿತ್ತು.

"ಬೆಳಿಗ್ಗೆ?"

"ಬೆಳಿಗ್ಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಎಂಜಿನ್ ಓಡೋಕೆ ಬಿಟ್ಟು ಕೆಳಗಿಳಿದ್ರು, ಗಾಡಿ ಸುತ್ತ ಒಂದು ಸುತ್ತು ಬಂದ್ರು. ಎಣ್ಣೆ ಮೊರದಗಲ ಆಗಿತ್ತು, ಅಕ್ಕ. ಅದರ ಮೇಲೇ ಕಾಲಿಟ್ಕೊಂಡು ಹೋಗಿ ಹತ್ತಿ ಕೂತ್ರು. ಕಾಣಲ್ಲ ಅಂತ ಗೊತ್ತಿದ್ದವಳು ನಾನೇ. ಕಾಣುತ್ತೆ ಅಂತ ನಂಬಿ ಮಾಡಿದವಳೂ ನಾನೇ. ಕೂಗಬೇಕಿತ್ತು. ನಿನಗೆ ಹೇಗೆ ಗೊತ್ತಾಯ್ತು ಅಂತ ಕೇಳಿದ್ರೆ ಏನು ಹೇಳ್ಲಿ ಅಂತ ಒಂದು ಗಳಿಗೆ ಯೋಚನೆ ಮಾಡ್ದೆ. ಅಷ್ಟ್ರಲ್ಲಿ ಗಾಡಿ ಹೋಗಿತ್ತು."

ಬಿಸಿಯಾಗಿದ್ದ ಎಂಜಿನ್ ಆರುತ್ತ ಟಿಕ್ ಟಿಕ್ ಎನ್ನುತ್ತಿತ್ತು.

ಪೌಡರಕ್ಕ ವರದಿಯ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಚಾಲಕನಿಗೆ ಸೋರುವುದು ಗೊತ್ತಿರಲಿಲ್ಲ ಎಂಬುದು ನಿಜ. ಹಾಗೆಂದು ಬರೆದರೆ, ಮೊರದಗಲದ ಎಣ್ಣೆ ಅವನಿಗೆ ಯಾಕೆ ಕಾಣಲಿಲ್ಲ ಎಂಬುದನ್ನೂ ಬರೆಯಬೇಕು. ಬೋಲ್ಟಿನ ಸಂಗತಿ ಬರೆದರೆ ಅದನ್ನು ಸಡಿಲಿಸಿದ ಕೈ ಯಾವುದೆಂದು ಬರೆಯಬೇಕು. ಆಕೆಯ ಪೆನ್ನು ದಿನಾಂಕದ ಮುಂದಕ್ಕೆ ಹೋಗಲಿಲ್ಲ.

ಗೇಟು ಕಿರುಗುಟ್ಟಿತು. ಅಧಿಕಾರಿ ಒಳಬಂದರು, ಹಿಂದೆ ಒಂದು ಹೆಜ್ಜೆ ಅಂತರದಲ್ಲಿ ಚಾಲಕ. ಎತ್ತರದ ಆಳು, ಒಗೆದ ಅಂಗಿ, ನೆಟ್ಟನೆಯ ನಡಿಗೆ. ಕಣ್ಣಿನಲ್ಲಿ ದೋಷವಿದೆಯೆಂದು ಯಾರೂ ಊಹಿಸಲಾರರು.

ಅಧಿಕಾರಿಗೆ ಇನ್ನೂ ಎರಡು ಕಡೆ ಹೋಗುವುದಿತ್ತಂತೆ. ನಿಂತುಕೊಂಡೇ ಕಡತ ಬಿಚ್ಚಿ, ಹೇಳುವುದೇನಾದರೂ ಇದ್ದರೆ ಹೇಳಿಬಿಡು ಎಂದು ಚಾಲಕನಿಗೆ ಸೂಚಿಸಿದರು.

"ನೋಡಿದ್ದೆ, ಸಾರ್," ಎಂದ ಚಾಲಕ. "ಆವತ್ತು ಬೆಳಿಗ್ಗೆ ನೆಲದ ಮೇಲೆ ಎಣ್ಣೆ ನೋಡಿದ್ದೆ. ನೋಡಿಯೂ ಹೊರಟೆ. ತಪ್ಪು ನಂದೇ."

ಹೆಂಡತಿ ಟಯರಿನಿಂದ ಅರ್ಧ ಎದ್ದವಳು ಹಾಗೇ ನಿಂತಳು. ಆರು ದಿನ ನೋಡಿಲ್ಲವೆಂದು ಸಾಧಿಸಿದವನು ಇಂದು ಹೀಗೆ ನುಡಿದಿದ್ದ. ಶೆಡ್ಡಿನ ಮಾತು ಗೇಟಿನವರೆಗೆ ಕೇಳಿಸಿತ್ತೋ, ಅಥವಾ ಕಣ್ಣಿನ ಗುಟ್ಟು ಹೊರಬೀಳುವುದಕ್ಕಿಂತ ಈ ಅಪವಾದವೇ ಮೇಲೆಂದು ಅವನು ಮೊದಲೇ ನಿಶ್ಚಯಿಸಿಕೊಂಡು ಬಂದಿದ್ದನೋ, ಅವನ ಮುಖದಿಂದ ತಿಳಿಯುವಂತಿರಲಿಲ್ಲ.

"ಎಲ್ಲಿಂದ ಸೋರ್ತಿತ್ತು?" ಅಧಿಕಾರಿ ಬರೆಯುತ್ತಲೇ ಕೇಳಿದರು. "ತೋರಿಸಿ."

ಚಾಲಕ ಲಾರಿಯ ಮಗ್ಗುಲಿಗೆ ಬಂದು ಬಾಗಿದ. ಎಂಜಿನ್ನಿನ ಮೇಲೆ, ಹಗಲು ಬೆಳಕಿನಲ್ಲಿ, ಬಿಳಿಯ ನಡುವೆ ಒಂದೇ ಒಂದು ಕಪ್ಪು ಗೆರೆ ಮೇಲಿನಿಂದ ಕೆಳಕ್ಕೆ ಇಳಿದಿತ್ತು. ಅವನು ಅದನ್ನು ದಾಟಿ ಹೋಗಿ, ಹಿಂದಿನ ಸೀಲಿನ ಕಡೆಗೆ, ಎಲ್ಲಕ್ಕಿಂತ ಬೆಳ್ಳಗಿದ್ದ ಜಾಗಕ್ಕೆ ಬೆರಳು ಚಾಚಿದ.

"ಇಲ್ಲಿಂದ ಸಾರ್. ಈಗಲೂ ಕಪ್ಪಗೆ ಕಾಣ್ತಿದೆಯಲ್ಲ."

ಅಧಿಕಾರಿ ತಲೆಯೆತ್ತಲಿಲ್ಲ. ಹಿಂದಿನ ಸೀಲು ಎಂದು ಬರೆದುಕೊಂಡರು. ಹಾಗಾದರೆ ಚಾಲಕನದೂ ತಪ್ಪು, ಮೇಸ್ತ್ರಿಯದೂ ತಪ್ಪು, ಪೌಡರಕ್ಕನ ಸಹಿಯನ್ನು ಕಚೇರಿಯಲ್ಲೇ ಹಾಕಿಸಿಕೊಂಡರಾಯಿತು ಎಂದರು. ಗಾಡಿ ಇಂದೇ ಕಚೇರಿಯ ಅಂಗಳಕ್ಕೆ ಬರಬೇಕು. ಲೈಸೆನ್ಸು ರದ್ದಾಗುವುದು ನಾಳೆಯಿಂದ, ಆದ್ದರಿಂದ ಚಾಲಕನೇ ಓಡಿಸಿಕೊಂಡು ಬರಲಿ, ತಾವು ಪಕ್ಕದಲ್ಲಿ ಕೂರುವುದಾಗಿ ಹೇಳಿ ಮೇಸ್ತ್ರಿಯ ಹತ್ತಿರವಿದ್ದ ಬೀಗದ ಕೈಯನ್ನು ಇಸಿದುಕೊಂಡು ಅವನ ಅಂಗೈಯಲ್ಲಿಟ್ಟರು.

ಚಾಲಕನ ಮುಖ ಅರಳಿತು. ಆರು ದಿನಗಳಲ್ಲಿ ಮೊದಲ ಸಲ.

ವೆಲ್ಡರು ದಿಮ್ಮಿ ತೆಗೆದ. ಮೇಸ್ತ್ರಿ ಬೇರೆ ದಾರಿಯಿಲ್ಲದೆ ಏಣಿ ಹತ್ತಿ ಬೋಲ್ಟು ಬಿಗಿದು ಬಾನೆಟ್ ಇಳಿಸಿದ. ಅವನ ಕಣ್ಣು ತಂಗಿಯ ಮೇಲೆ, ತಂಗಿಯ ಕಣ್ಣು ಪೌಡರಕ್ಕನ ಮೇಲೆ. ಹೊರಗೆ ಶಾಲೆ ಬಿಟ್ಟಿತ್ತು. ಬೀದಿಯ ತುಂಬ ಮಕ್ಕಳ ಗಲಾಟೆ.

ಅಧಿಕಾರಿ ಹತ್ತಿ ಕೂತು, ಕಡತವನ್ನು ಮಂಡಿಯ ಮೇಲಿಟ್ಟುಕೊಂಡು ಹಾಳೆ ಜೋಡಿಸತೊಡಗಿದರು. ಎಂಜಿನ್ ಹಿಡಿಯಿತು.

ಪೌಡರಕ್ಕ ಎದ್ದಳು. ಯಾರಿಗೂ ಏನೂ ಹೇಳದೆ ನಡೆದುಹೋಗಿ, ಲಾರಿಯ ಮೂತಿಯಿಂದ ಆರು ಹೆಜ್ಜೆ ಮುಂದೆ, ಬಾಗಿಲಿನಿಂದ ಬರುತ್ತಿದ್ದ ಬೆಳಕಿನ ನಟ್ಟನಡುವೆ, ಚಾಲಕನಿಗೆ ನೇರ ಎದುರಾಗಿ ನಿಂತಳು.

ಅವನು ಅವಳತ್ತಲೇ ನೋಡಿದ. ಗೇರ್ ಹಾಕಿದ. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, ಎಷ್ಟೋ ವರ್ಷಗಳ ರೂಢಿಯ ದನಿಯಲ್ಲಿ, ಶೆಡ್ಡಿನ ಕಡೆಗೆ ಕೇಳಿದ:

"ಭಾವ, ಮುಂದೆ ಯಾರೂ ಇಲ್ಲ ತಾನೆ?"